ಚೀಟಿಯ ಕೊನೆಯ ಸಾಲು

ವರ್ಷಗಟ್ಟಲೆ ನೋವಿನ ಜೊತೆ ಬದುಕುವವರ ಬಳಿ ವೈದ್ಯರ ಚೀಟಿಗಳ ಒಂದು ಕಟ್ಟೇ ಇರುತ್ತದೆ. ಅವುಗಳಲ್ಲಿ ಮಾತ್ರೆಯ ಹೆಸರು ಬದಲಾಗುತ್ತದೆ, 10 ಮಿಲಿಗ್ರಾಂ ಇದ್ದದ್ದು 25 ಆಗುತ್ತದೆ, ಬೆಳಗಿನ ಮಾತ್ರೆ ರಾತ್ರಿಗೆ ಹೋಗುತ್ತದೆ. ಬದಲಾಗದೆ ಉಳಿಯುವುದು ಕೊನೆಯ ಸಾಲು: ಒತ್ತಡ ಕಡಿಮೆ ಮಾಡಿಕೊಳ್ಳಿ. ಬರೆಯದ ವೈದ್ಯರು ಬಾಯಿಮಾತಿನಲ್ಲಿ ಹೇಳುತ್ತಾರೆ, ‘ಟೆನ್ಷನ್ ಮಾಡ್ಕೋಬೇಡಿ’ ಎಂದು. ಹೇಳುವಾಗ ಅವರ ಕಣ್ಣು ಮುಂದಿನ ರೋಗಿಯ ಫೈಲಿನ ಮೇಲಿರುತ್ತದೆ.

ನೋಡಲು ಇದೂ ಮಾತ್ರೆಗಳ ಹಾಗೆ ಒಂದು ಸೂಚನೆ. ಆದರೆ ಮಾತ್ರೆ ಕೆಲಸ ಮಾಡದಿದ್ದರೆ ನಾವು ‘ಮದ್ದು ನಾಟಲಿಲ್ಲ’ ಎನ್ನುತ್ತೇವೆ. ವಾಕ್ಯದ ಕರ್ತೃ ಮದ್ದು, ಸೋತದ್ದೂ ಮದ್ದು. ವೈದ್ಯರು ಬೇಸರವಿಲ್ಲದೆ ಇನ್ನೊಂದು ಬರೆಯುತ್ತಾರೆ. ಒತ್ತಡ ಕಡಿಮೆಯಾಗದಿದ್ದರೆ ಹಾಗಲ್ಲ. ಅಲ್ಲಿ ‘ಮಾಡಿಕೊಳ್ಳಿ’ ಎಂಬ ಪದದ ಬಾಲದಲ್ಲಿರುವ ‘ಕೊಳ್ಳು’ ತನ್ನ ಕೆಲಸ ಶುರು ಮಾಡುತ್ತದೆ. ನೀವೇ ಮಾಡಿಕೊಳ್ಳಬೇಕಿತ್ತು, ಮಾಡಿಕೊಳ್ಳಲಿಲ್ಲ. ಧ್ಯಾನ ಮಾಡಿದಿರಾ? ನಡೆದಿರಾ? ಫೋನು ಬದಿಗಿಟ್ಟು ಹತ್ತು ಗಂಟೆಗೆ ಮಲಗಿದಿರಾ? ಇಲ್ಲ ಎಂದ ಕ್ಷಣದಿಂದ ನೋವಿನ ಅರ್ಧ ಭಾಗ ನಿಮ್ಮ ಖಾತೆಗೆ ಜಮೆಯಾಗುತ್ತದೆ.

ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ ಇದೇ. ನೋವಿನಲ್ಲಿ ಮನಸ್ಸಿಗೂ ಪಾಲಿದೆ ಎಂದು ಒಪ್ಪಿಕೊಂಡರೆ, ನೋವು ಇಳಿಯದಿರುವುದಕ್ಕೆ ನೊಂದವರೇ ಹೊಣೆಯೆಂದೂ ಒಪ್ಪಿದಂತೆ ಆಗುತ್ತದೆಯೇ?

ನನಗಿರುವುದು ಮೈಗ್ರೇನ್. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವು, ಮೂರು ತಿಂಗಳಿಗೂ ಮೀರಿ ಬಂದರೆ, ವೈದ್ಯರು ಅದಕ್ಕೆ ‘ದೀರ್ಘಕಾಲದ’ ಎಂಬ ವಿಶೇಷಣ ಸೇರಿಸುತ್ತಾರೆ. ಪಿಎಚ್‌ಡಿಯ ಎರಡನೆಯ ವರ್ಷ ನನಗೆ ಆ ವಿಶೇಷಣ ಸಿಕ್ಕಿತು. ನನ್ನ ಚಿಕ್ಕಮ್ಮ ಮದ್ದೂರಿನ ಕಡೆಯಿಂದ ದಿನಾ ಕಂಪನಿ ಬಸ್ಸಿನಲ್ಲಿ ಬಂದು ಗಾರ್ಮೆಂಟ್ಸಿನಲ್ಲಿ ಶರಟಿನ ಕಾಲರ್ ಹೊಲಿಯುವ ಟೈಲರ್. ಅವಳಿಗೆ ಫೈಬ್ರೊಮಯಾಲ್ಜಿಯಾ ಎಂದು ಹೆಸರಿಡಲು ನಾಲ್ಕು ವೈದ್ಯರು, ಎರಡು ಎಂಆರ್‌ಐ ಬೇಕಾದವು. ಕತ್ತು, ಭುಜ, ಸೊಂಟ, ಮೊಣಕಾಲು, ಎಲ್ಲೆಂದು ಕೈಯಿಟ್ಟು ತೋರಿಸಲಾಗದ ನೋವು, ಜೊತೆಗೆ ಎದ್ದ ಮೇಲೂ ಹೋಗದ ಆಯಾಸ. ಕಾಕತಾಳೀಯವೆಂದರೆ ನಮ್ಮಿಬ್ಬರಿಗೂ ಬರೆದುಕೊಟ್ಟಿರುವುದು ಒಂದೇ ಮಾತ್ರೆ, ರಾತ್ರಿ ಮಲಗುವ ಮುಂಚೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ. ಕೊನೆಯ ಸಾಲೂ ಒಂದೇ.

ಮೊದಲು ವೈದ್ಯರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ, ಏಕೆಂದರೆ ಆ ಸಾಲು ಸುಳ್ಳಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿ ಕೆಲಸ ಮಾಡಿದ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯ 1946ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ತೀವ್ರವಾಗಿ ಗಾಯಗೊಂಡು ಬಂದ ಸೈನಿಕರನ್ನು ನೋವಿಗೆ ಏನಾದರೂ ಕೊಡಬೇಕೇ ಎಂದು ಕೇಳಿದಾಗ ಸುಮಾರು ನಾಲ್ಕರಲ್ಲಿ ಮೂವರು ಬೇಡವೆಂದರು. ಊರಿನ ಆಸ್ಪತ್ರೆಯಲ್ಲಿ ಅದಕ್ಕಿಂತ ಚಿಕ್ಕ ಗಾಯಕ್ಕೂ ಜನ ಮಾರ್ಫಿನ್ ಕೇಳುತ್ತಿದ್ದರು. ಸೈನಿಕನಿಗೆ ಗಾಯವೆಂದರೆ ಯುದ್ಧದಿಂದ ಜೀವಸಹಿತ ಮನೆಗೆ ಮರಳುವ ಚೀಟಿ, ಊರಿನವನಿಗೆ ಅದೇ ಗಾಯ ಬದುಕು ಕುಸಿಯುವ ಸೂಚನೆ. ಬೀಚರ್ ಕಂಡುಕೊಂಡ ವಿವರಣೆ ಅದು. ಗಾಯದ ಗಾತ್ರಕ್ಕೂ ನೋವಿನ ಗಾತ್ರಕ್ಕೂ ನೇರ ಲೆಕ್ಕವಿಲ್ಲ, ನಡುವೆ ಅರ್ಥವೊಂದು ಕೂತಿದೆ.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಇದಕ್ಕೊಂದು ಶರೀರಶಾಸ್ತ್ರ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ ಎಂದುಕೊಳ್ಳಿ. ಕೆಳಗಿನಿಂದ ನೋವಿನ ಸಂದೇಶಗಳು ಬಂದು ಬಾಗಿಲು ತಟ್ಟುತ್ತವೆ. ಬಾಗಿಲು ಎಷ್ಟು ತೆರೆಯಬೇಕೆಂಬುದನ್ನು ಬೇರೆ ಸಂದೇಶಗಳು ತೀರ್ಮಾನಿಸುತ್ತವೆ. ಮೊಣಕೈ ಬಡಿದಾಗ ನಾವು ಗೊತ್ತಿಲ್ಲದೆ ಆ ಜಾಗವನ್ನು ಉಜ್ಜುತ್ತೇವಲ್ಲ, ಸ್ಪರ್ಶದ ಸಂದೇಶ ಬಾಗಿಲನ್ನು ಸ್ವಲ್ಪ ಮುಚ್ಚುತ್ತದೆ. ಮೇಲೆ ಮಿದುಳಿನಿಂದ ಇಳಿದು ಬರುವ ಸಂದೇಶಗಳೂ ಮುಚ್ಚಬಲ್ಲವು, ಅಥವಾ ಭಯ, ನಿದ್ದೆಗೇಡು, ಆತಂಕಗಳಿದ್ದರೆ ಹಾರುಹೊಡೆದು ತೆರೆದಿಡಬಲ್ಲವು. ವಿವರಗಳಲ್ಲಿ ಈ ಸಿದ್ಧಾಂತ ಆಮೇಲೆ ಸಾಕಷ್ಟು ತಿದ್ದುಪಡಿ ಕಂಡಿತು, ಆದರೆ ನೋವೆಂದರೆ ಕೆಳಗಿನಿಂದ ಮೇಲಕ್ಕೆ ಹೋಗುವ ಒಂದೇ ತಂತಿಯಲ್ಲ ಎಂಬ ತಿಳಿವಳಿಕೆ ಉಳಿಯಿತು. ಜಾಗತಿಕ ನೋವು ಅಧ್ಯಯನ ಸಂಘ 1979ರಲ್ಲಿ ಕೊಟ್ಟ ವ್ಯಾಖ್ಯಾನದಲ್ಲೇ ನೋವನ್ನು ಇಂದ್ರಿಯದ ಅನುಭವವೂ ಹೌದು, ಭಾವದ ಅನುಭವವೂ ಹೌದು ಎಂದು ಕರೆದಿತ್ತು. 2020ರಲ್ಲಿ ಅದನ್ನು ಪರಿಷ್ಕರಿಸಿದಾಗ ಒಂದು ಟಿಪ್ಪಣಿ ಸೇರಿಸಿದರು. ಒಬ್ಬ ವ್ಯಕ್ತಿ ತನಗೆ ನೋವಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎಂಬುದು ಅದರ ತಾತ್ಪರ್ಯ. ವೈಜ್ಞಾನಿಕ ವ್ಯಾಖ್ಯಾನದ ಅಡಿಯಲ್ಲಿ ಇಂಥ ನೈತಿಕ ವಾಕ್ಯ ಯಾಕೆ ಬೇಕಾಯಿತು? ಗೌರವಿಸದೆ ಇದ್ದವರು ಬಹಳ ಮಂದಿ ಇದ್ದರು ಅಂತಲೇ ಅಲ್ಲವೇ?

ಮಾತ್ರೆಗಳ ಕಥೆಯೂ ಇದನ್ನೇ ಹೇಳುತ್ತದೆ. ಅಮಿಟ್ರಿಪ್ಟಿಲಿನ್ ಹುಟ್ಟಿದ್ದು ಖಿನ್ನತೆಯ ಮದ್ದಾಗಿ. ನೋವಿಗೆ ಕೊಡುವ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಡುಲೋಕ್ಸೆಟಿನ್ ಕೂಡ ಖಿನ್ನತೆಯ ಬಳಗದ್ದೇ. ಪ್ರಿಗ್ಯಾಬಲಿನ್ ಮೂರ್ಛೆರೋಗಕ್ಕೂ ಕೊಡುವ ಮದ್ದು. ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2021ರಲ್ಲಿ, ಬೇರೆ ಕಾಯಿಲೆಯ ಕಾರಣ ಕಾಣದ ದೀರ್ಘಕಾಲದ ನೋವಿಗೆ ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂಥ ಗುಳಿಗೆಗಳನ್ನಾಗಲಿ ಅಫೀಮಿನ ಬಳಗದ ಮದ್ದುಗಳನ್ನಾಗಲಿ ಶುರು ಮಾಡಬೇಡಿ, ಅವುಗಳ ಬದಲು ವ್ಯಾಯಾಮ, ಮಾತಿನ ಚಿಕಿತ್ಸೆ, ಕೆಲವು ಖಿನ್ನತೆ ನಿವಾರಕಗಳನ್ನು ಪರಿಗಣಿಸಿ ಎಂದಿತು. ಅಂದರೆ ನಾವು ನೋವಿನ ಗುಳಿಗೆ ಎಂದು ಕರೆಯುವುದು ಇಂಥ ನೋವಿಗೆ ಅಷ್ಟಾಗಿ ನಾಟುವುದಿಲ್ಲ, ಮನಸ್ಸಿನ ಗುಳಿಗೆ ಎಂದು ಹೆದರುವುದು ಕೆಲವರಿಗೆ ನಾಟುತ್ತದೆ. ಇದು ದೇಹದ ಮದ್ದು, ಇದು ಮನಸ್ಸಿನ ಮದ್ದು ಎಂದು ಡಬ್ಬಿ ಬೇರೆ ಮಾಡಲು ಹೊರಟರೆ ಅಂಗಡಿಯ ಕಪಾಟೇ ಒಪ್ಪುವುದಿಲ್ಲ.

ಆದರೂ ಜನ ಡಬ್ಬಿ ಬೇರೆ ಮಾಡುತ್ತಾರೆ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯ ಗೆಳತಿಗೆ ಬೆನ್ನುನೋವಿಗೆ ಇದೇ ಮಾತ್ರೆ ಬರೆದುಕೊಟ್ಟರು. ಫೋನಿನಲ್ಲಿ ಹೆಸರು ಹುಡುಕಿ ನೋಡಿ, ‘ನನ್ನನ್ನು ಹುಚ್ಚಿ ಅಂದುಕೊಂಡರಾ’ ಎಂದು ಅತ್ತು, ಇಡೀ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಿದಳು. ಆ ಅಳುವನ್ನು ಅಜ್ಞಾನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ‘ಮನಸ್ಸಿನದು’ ಎಂದರೆ ‘ಇಲ್ಲದ್ದು’ ಎಂದೇ ಅರ್ಥ. ಸ್ಕ್ಯಾನ್ ನಾರ್ಮಲ್ ಬಂದ ದಿನ ಮನೆಯವರ ಮುಖದಲ್ಲಿ ಸಮಾಧಾನ ಮೂಡುತ್ತದೆ, ನೊಂದವಳ ಮುಖದಲ್ಲಿ ಮಾತ್ರ ಭಯ. ಸಾಕ್ಷಿ ಕೈಕೊಟ್ಟ ಕಕ್ಷಿದಾರಳ ಭಯ ಅದು. ಹೆಂಗಸಾದರೆ ಇನ್ನೂ ಕಷ್ಟ. ‘ಮದುವೆ ಮಾಡಿದರೆ ಸರಿಹೋಗುತ್ತೆ’ ಎಂಬ ಔಷಧವನ್ನು ನನಗೆ ಕನಿಷ್ಠ ಆರು ಜನ ಸೂಚಿಸಿದ್ದಾರೆ, ಅವರಲ್ಲಿ ಮೂವರು ತಮ್ಮ ಮದುವೆಯ ಬಗ್ಗೆ ಗೊಣಗುತ್ತಲೇ.

ತತ್ತ್ವಶಾಸ್ತ್ರದ ವಿದ್ಯಾರ್ಥಿನಿಯಾಗಿ ಇಲ್ಲಿ ಒಂದು ಸರಳ ಮಾತು ಹೇಳಬಹುದು. ಹಗ್ಗವನ್ನು ಹಾವೆಂದು ಕಾಣಬಹುದು. ಕಾಣುವುದಕ್ಕೂ ಇರುವುದಕ್ಕೂ ನಡುವೆ ಅಲ್ಲಿ ಜಾಗವಿದೆ. ನೋವಿನಲ್ಲಿ ಆ ಜಾಗವೇ ಇಲ್ಲ. ನನಗೆ ನೋಯುತ್ತಿರುವಂತೆ ತೋರುತ್ತಿದೆ, ನಿಜವಾಗಿ ನೋಯುತ್ತಿಲ್ಲ ಎಂಬ ವಾಕ್ಯಕ್ಕೆ ಅರ್ಥವೇ ಹುಟ್ಟುವುದಿಲ್ಲ. ನೋವಿನ ಕಾರಣದ ಬಗ್ಗೆ ನಾನು ತಪ್ಪು ತಿಳಿದಿರಬಹುದು, ನೋವಿನ ಬಗ್ಗೆ ಅಲ್ಲ. ಹಾಗಾಗಿ ಮನಸ್ಸಿನ ಪಾಲಿದೆ ಎಂದ ಕೂಡಲೇ ನೋವು ಸುಳ್ಳಾಗುವುದಿಲ್ಲ. ಇಷ್ಟು ಸ್ಪಷ್ಟವಾದರೆ ಮೊದಲ ಹೆದರಿಕೆ ನೀಗುತ್ತದೆ. ಎರಡನೆಯದು, ಹೊಣೆಯ ಪ್ರಶ್ನೆ, ಹಾಗೇ ಉಳಿಯುತ್ತದೆ.

ಅದಕ್ಕೆ ‘ಒತ್ತಡ’ ಎಂಬ ಪದದ ಬಳಿಗೇ ಹೋಗಬೇಕು. ದೇಹದ ಪ್ರತಿಕ್ರಿಯೆಯ ಅರ್ಥದಲ್ಲಿ ಇಂಗ್ಲಿಷಿನ ಸ್ಟ್ರೆಸ್ ಬಳಕೆಗೆ ಬಂದದ್ದು ಮಾಂಟ್ರಿಯಲ್‌ನಲ್ಲಿ ಕೆಲಸ ಮಾಡುತ್ತಿದ್ದ ಹಾನ್ಸ್ ಸೆಲ್ಯೆ ಅವರಿಂದ. 1936ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಲೇಖನದಿಂದ ಶುರುವಾದ ಕೆಲಸ ಅದು. ಎಂಜಿನಿಯರುಗಳ ಭಾಷೆಯಲ್ಲಿ ಸ್ಟ್ರೆಸ್ ಎಂಬುದು ಹೇರಿದ ಭಾರಕ್ಕೆ ಸಂಬಂಧಿಸಿದ್ದು, ಆ ಭಾರಕ್ಕೆ ವಸ್ತು ಬಾಗುವುದು, ಹಿಗ್ಗುವುದು ಸ್ಟ್ರೇನ್. ಸೆಲ್ಯೆ ಹೇಳಹೊರಟಿದ್ದು ಎರಡನೆಯದನ್ನು, ಆರಿಸಿಕೊಂಡ ಪದ ಮೊದಲನೆಯದು. ತಮ್ಮ ಇಂಗ್ಲಿಷ್ ಆಗ ಅಷ್ಟು ಚೆನ್ನಾಗಿರಲಿಲ್ಲ ಎಂದು ಆಮೇಲೆ ಅವರೇ ಹೇಳಿಕೊಂಡರು. ಆ ಅದಲುಬದಲಿನಿಂದ ಹೊರಗಿನ ಭಾರಕ್ಕೂ ಒಳಗಿನ ಬಾಗುವಿಕೆಗೂ ಒಂದೇ ಹೆಸರಾಯಿತು, ಕಡೆಗೆ ಭಾರವೇ ಕಣ್ಣಿಗೆ ಕಾಣದಾಯಿತು. ಕನ್ನಡದ ಪದ ಈ ವಿಷಯದಲ್ಲಿ ಇನ್ನೂ ಪ್ರಾಮಾಣಿಕವಾಗಿದೆ. ಒತ್ತಡ ಬಂದದ್ದು ‘ಒತ್ತು’ ಎಂಬ ಕ್ರಿಯೆಯಿಂದ. ಒತ್ತಿಸಿಕೊಂಡವರು ಇದ್ದಾರೆಂದರೆ ಒತ್ತಿದವರೂ ಎಲ್ಲೋ ಇರಬೇಕು.

ಈ ವ್ಯುತ್ಪತ್ತಿಯ ಪಾಠವನ್ನು ನನಗೆ ಮೊದಲು ಹೇಳಿದವಳು ಚಿಕ್ಕಮ್ಮನೇ. ವೈದ್ಯರು ಒತ್ತಡ ಕಡಿಮೆ ಮಾಡ್ಕೊಳ್ಳಿ ಅಂದರಲ್ಲ, ಏನು ಮಾಡ್ತಿದ್ದೀ ಎಂದು ಕೇಳಿದ್ದಕ್ಕೆ ಅವಳು ನಕ್ಕಳು. ‘ಅದು ನನ್ ಕೈಲಿದ್ರೆ ತಾನೇ ಕಮ್ಮಿ ಮಾಡ್ಕಳದು? ಅದಿರದು ಸೂಪರ್‌ವೈಸರ್ ಕೈಲಿ ಕಣವ್ವ.’

ಅವಳ ದಿನದ ಲೆಕ್ಕ ಹೀಗಿದೆ. ನಾಲ್ಕೂವರೆಗೆ ಎದ್ದು ಅಡುಗೆ, ಆರೂವರೆಗೆ ಬಸ್ಸು, ಒಂಬತ್ತಕ್ಕೆ ಮೆಷಿನ್ನಿನ ಮುಂದೆ. ಗಂಟೆಗಿಷ್ಟು ಕಾಲರ್ ಎಂದು ಟಾರ್ಗೆಟ್. ಅವಳ ಬಂಡಲ್ ನಿಂತರೆ ಇಡೀ ಲೈನ್ ನಿಲ್ಲುತ್ತದೆ, ಬೈಗುಳ ಮೈಕಿನಲ್ಲಿ ಬರುತ್ತದೆ. ಶೌಚಾಲಯಕ್ಕೆ ಹೋದರೆ ಎಷ್ಟು ನಿಮಿಷ ಎಂಬ ಕಣ್ಣು. ಅದಕ್ಕೇ ನೀರು ಕುಡಿಯುವುದು ಕಡಿಮೆ. ರಾತ್ರಿ ಎಂಟೂವರೆಗೆ ಮನೆ. ಚೀಟಿಯ ಕೊನೆಯ ಸಾಲನ್ನು ಇದರಲ್ಲಿ ಎಲ್ಲಿ ತುರುಕುವುದು? 1979ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜಾನ್ ಕಬಾಟ್-ಝಿನ್ ಶುರು ಮಾಡಿದ ಎಂಟು ವಾರಗಳ ಧ್ಯಾನದ ಕಾರ್ಯಕ್ರಮಕ್ಕೆ ಬಂದ ಮೊದಲಿಗರಲ್ಲಿ ದೀರ್ಘಕಾಲದ ನೋವಿನವರೇ ಬಹಳ. ಅದರಲ್ಲಿ ದಿನಕ್ಕೆ ಸುಮಾರು 45 ನಿಮಿಷದ ಅಭ್ಯಾಸ ಬೇಕು. ನನಗೆ ಆ 45 ನಿಮಿಷ ಸಿಗುತ್ತದೆ. ಫೆಲೋಶಿಪ್ಪಿನ ಹಣ ಐದು ತಿಂಗಳು ತಡವಾಗಿ ಬಂದಾಗಲೂ, ಮಾರ್ಗದರ್ಶಕರು ಅಧ್ಯಾಯವನ್ನು ಮೂರನೆಯ ಸಲ ವಾಪಸು ಕಳಿಸಿದಾಗಲೂ, ಕಿಟಕಿಯ ಪರದೆ ಎಳೆದು ಕತ್ತಲೆಯಲ್ಲಿ ಮಲಗಿದರೆ ನನ್ನನ್ನು ಎಬ್ಬಿಸುವವರಿಲ್ಲ, ಸಂಬಳ ಹಿಡಿಯುವವರಿಲ್ಲ. ಒಂದೇ ಮಾತ್ರೆ ನಮ್ಮಿಬ್ಬರ ಹೊಟ್ಟೆಯಲ್ಲೂ ಸುಮಾರಾಗಿ ಒಂದೇ ಥರ ಕರಗುತ್ತದೆ. ಕೊನೆಯ ಸಾಲು ಹಾಗೆ ಕರಗುವುದಿಲ್ಲ. ನನಗೆ ಅದು ಸಲಹೆ, ಅವಳಿಗೆ ಹೆಚ್ಚುಕಡಿಮೆ ವ್ಯಂಗ್ಯ.

ಧ್ಯಾನದ ಪರವಾಗಿ ಮಾತಾಡುವವರು ಈ ಹಂತದಲ್ಲಿ ಬುದ್ಧನ ಎರಡು ಬಾಣಗಳನ್ನು ತರುತ್ತಾರೆ. ಸಂಯುತ್ತ ನಿಕಾಯದಲ್ಲಿ ಬರುವ ಸಲ್ಲ ಸುತ್ತದ ಉಪಮೆ ಅದು. ಅರಿವಿಲ್ಲದವನಿಗೆ ದೇಹದ ನೋವು ಒಂದು ಬಾಣ, ಅದರ ಮೇಲೆ ದುಃಖಿಸಿ ಗೋಳಾಡುವುದು ಎರಡನೆಯ ಬಾಣ. ಅರಿವುಳ್ಳವನಿಗೆ ಮೊದಲನೆಯದಷ್ಟೇ ತಾಗುತ್ತದೆ. ಇವತ್ತಿನ ಆ್ಯಪ್‌ಗಳಲ್ಲಿ, ಕಾರ್ಯಾಗಾರಗಳಲ್ಲಿ ಈ ಕಥೆ ಒಂದು ಸಣ್ಣ ತಿದ್ದುಪಡಿಯೊಂದಿಗೆ ಬರುತ್ತದೆ. ಎರಡನೆಯ ಬಾಣವನ್ನು ನಮಗೆ ನಾವೇ ಹೊಡೆದುಕೊಳ್ಳುತ್ತೇವೆ, ಆದ್ದರಿಂದ ಹೊಡೆದುಕೊಳ್ಳದಿರುವುದು ನಮ್ಮ ಕೈಯಲ್ಲಿದೆ ಎನ್ನುತ್ತಾರೆ. ಆ ‘ಕೊಳ್ಳು’ ಇಲ್ಲೂ ಬಂತು. ಸುತ್ತದ ಉಪಮೆಯಲ್ಲಾದರೋ ಬಾಣ ತಾಗಿದವನೇ ಬಿಲ್ಲು ಹಿಡಿದಿಲ್ಲ. ಅವನಿಗೆ ಒಂದು ಬಾಣ ಹೊಡೆಯುತ್ತಾರೆ, ಬೆನ್ನಿಗೇ ಇನ್ನೊಂದು ಹೊಡೆಯುತ್ತಾರೆ. ಹೊಡೆಯುವವರು ಯಾರೆಂದು ಹೇಳಿಲ್ಲ. ಬುದ್ಧನ ಆಸಕ್ತಿ ಮನಸ್ಸನ್ನು ಪಳಗಿಸುವುದರಲ್ಲಿತ್ತು ನಿಜ, ನಾನು ಉಪಮೆಯನ್ನು ಅದರ ಉದ್ದೇಶ ಮೀರಿ ಎಳೆಯುತ್ತಿದ್ದೇನೆ ಎನ್ನುವವರಿಗೆ ನನ್ನ ತಕರಾರಿಲ್ಲ. ಆದರೆ ನೊಂದವರ ಮೇಲೆ ಹೊಣೆ ಹೊರಿಸಲು ಆ ಉಪಮೆಯನ್ನು ಸಾಕ್ಷಿಗೆ ಕರೆಯುವಂತಿಲ್ಲ. ಅಂದಹಾಗೆ ಪಾಳಿಯಲ್ಲಿ ‘ವೇದನಾ’ ಎಂದರೆ ಸುಖ, ದುಃಖ, ಎರಡೂ ಅಲ್ಲದ್ದು ಎಲ್ಲವೂ ಸೇರಿದ ಅನುಭವ. ಕನ್ನಡಕ್ಕೆ ಬರುವಷ್ಟರಲ್ಲಿ ವೇದನೆಯಲ್ಲಿ ದುಃಖ ಮಾತ್ರ ಉಳಿಯಿತು, ಅದೇ ಇನ್ನೂ ಸವೆದು ‘ಬೇನೆ’ ಆಯಿತು.

ಎರಡನೆಯ ಬಾಣ ಎಷ್ಟೋ ಸಲ ಹೊರಗಿನಿಂದಲೇ ಬರುತ್ತದೆ. ‘ನೋಡಕ್ಕೆ ಚೆನ್ನಾಗೇ ಇದ್ದೀಯಲ್ಲ’ ಎಂಬ ಮಾತು ಎರಡನೆಯ ಬಾಣ. ಇಎಸ್ಐ ಕಾಯಿಲೆ ರಜೆಗೆ ಕೂಲಿಯ ಶೇಕಡ 70ರಷ್ಟು ಕೊಡುತ್ತದೆ, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಬಂದು, ಕಾಡಿಸಿ, ಹೋಗುವ ಕಾಯಿಲೆಗೆ ಅದು ದೊಡ್ಡ ಆಸರೆ, ಹೋಗದೇ ಇರುವ ಕಾಯಿಲೆಗೆ ಆ ಲೆಕ್ಕ ಹೊಂದುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿತು, ಹಿಂದಿನ ಕಾಯ್ದೆಗಿಂತ ಅದು ಎಷ್ಟೋ ಉದಾರ. ದೀರ್ಘಕಾಲದ ನೋವು ಎಂಬ ಹೆಸರು ಆ ಪಟ್ಟಿಯಲ್ಲಿಲ್ಲ. ಇವೆಲ್ಲ ಚಿಕ್ಕಮ್ಮನ ಮನಸ್ಸಿನೊಳಗೆ ಹುಟ್ಟಿದವಲ್ಲ. ಉಸಿರನ್ನು ಎಷ್ಟು ಗಮನಿಸಿದರೂ ಹೋಗುವಂಥವೂ ಅಲ್ಲ.

ಹಾಗೆಂದು ನನ್ನ ಕೆಲವು ಗೆಳೆಯರು ಮುಟ್ಟುವ ತೀರ್ಮಾನಕ್ಕೆ ನಾನು ಹೋಗಲಾರೆ. ಧ್ಯಾನ, ಯೋಗ, ಆಪ್ತಸಲಹೆ ಎಲ್ಲವೂ ದುಡಿಯುವವರನ್ನು ತೆಪ್ಪಗಿರಿಸುವ ಹುನ್ನಾರ, ವ್ಯವಸ್ಥೆ ಬದಲಾಗದ ಹೊರತು ಇವುಗಳಿಂದ ಏನೂ ಆಗದು ಎಂದು ಅವರ ವಾದ. ವಾದದ ಮೊದಲರ್ಧ ಕೆಲವು ಕಂಪನಿಗಳ ಮಟ್ಟಿಗೆ ನಿಜವಿರಬಹುದು. ಟಾರ್ಗೆಟ್ ಏರಿಸಿ, ವರ್ಷಕ್ಕೊಮ್ಮೆ ಯೋಗ ದಿನಾಚರಣೆಯ ಫೋಟೊ ತೆಗೆಸುವವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ವ್ಯವಸ್ಥೆ ಬದಲಾಗುವುದು ಯಾವಾಗಲೋ, ನೋವು ಬರುವುದು ಇವತ್ತು ರಾತ್ರಿ. ಮೈಗ್ರೇನ್ ಶುರುವಾಗುವ ಮುಂಚೆ ನನ್ನ ಎಡಗಣ್ಣಿನ ಅಂಚಿನಲ್ಲಿ ಬೆಳಕು ನಡುಗುತ್ತದೆ. ಹಿಂದೆಲ್ಲ ಆ ನಡುಕ ಕಂಡ ಕೂಡಲೇ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ನಾಳೆಯ ಸೆಮಿನಾರು ಹೋಯಿತು, ವಾರ ಹೋಯಿತು, ಹೀಗೇ ಆದರೆ ಪಿಎಚ್‌ಡಿಯೇ ಹೋಯಿತು. ಎಂಟು ತಿಂಗಳು ಉಸಿರಿನ ಅಭ್ಯಾಸ ಮಾಡಿದ ಮೇಲೆ ನೋವು ಹತ್ತಕ್ಕೆ ಏಳು ಇದ್ದದ್ದು ಏಳೇ ಇದೆ, ಬರುವ ದಿನಗಳು ಒಂದಿಷ್ಟು ಕಡಿಮೆಯಾಗಿವೆ. ಅದರ ಶ್ರೇಯಸ್ಸು ಮಾತ್ರೆಗೋ ಉಸಿರಿಗೋ ನನಗೆ ಬಿಡಿಸಲಾಗುವುದಿಲ್ಲ. ಆದರೆ ‘ಹೋಯಿತು, ಹೋಯಿತು’ ಎಂಬ ಮೆರವಣಿಗೆ ಈಗ ಅಷ್ಟು ದೂರ ಹೋಗುವುದಿಲ್ಲ. ಅದು ಸಣ್ಣ ಲಾಭವಲ್ಲ. ಅದನ್ನು ಯಾರಿಗಾದರೂ ಸಿದ್ಧಾಂತದ ಹೆಸರಿನಲ್ಲಿ ನಿರಾಕರಿಸುವುದು ನನಗೆ ಸರಿಕಾಣದು.

ಪಾಲಿರುವುದು ಬೇರೆ, ಹೊಣೆಯಿರುವುದು ಬೇರೆ ಎಂದು ನನಗನ್ನಿಸುತ್ತದೆ. ಮಳೆ ಬಂದಾಗ ಮನೆ ಸೋರಿದರೆ ಅದರಲ್ಲಿ ಹೆಂಚಿನ ಪಾಲಿದೆ, ಹೆಂಚನ್ನು ಬೈಯುವುದರಿಂದ ಸೋರುವುದು ನಿಲ್ಲುವುದಿಲ್ಲ. ಒಬ್ಬರ ನರವ್ಯೂಹ ವರ್ಷಗಳ ನಿದ್ದೆಗೇಡಿನಿಂದ, ದುಡಿಮೆಯಿಂದ, ಭಯದಿಂದ ಬಾಗಿಲನ್ನು ತೆರೆದಿಡುವುದನ್ನು ಕಲಿತುಬಿಟ್ಟಿದ್ದರೆ ಅದು ಅವರು ಮಾಡಿದ ಆಯ್ಕೆಯಲ್ಲ. ಮುಚ್ಚುವುದನ್ನು ಕಲಿಯಲು ಅವರಿಗೊಂದು ದಾರಿ ಇದ್ದರೆ ತೋರಿಸಬೇಕು, ತೋರಿಸುವವರು ಆ ದಾರಿಯಲ್ಲಿ ನಡೆಯಲು ಬೇಕಾದ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಮಯ ಕೊಡಲಾಗದಿದ್ದರೆ, ಕಲಿಯಲಿಲ್ಲವೆಂದು ಕೇಳುವ ಹಕ್ಕನ್ನೂ ಬಿಟ್ಟುಕೊಡಬೇಕು. ನೆಮ್ಮದಿಯಾಗಿರುವುದನ್ನು ರೋಗಿಯ ಕರ್ತವ್ಯಗಳ ಪಟ್ಟಿಗೆ ಸೇರಿಸಿದವರು ನೆಮ್ಮದಿಯನ್ನೂ ಒಂದು ಟಾರ್ಗೆಟ್ ಮಾಡಿಬಿಟ್ಟಿದ್ದಾರೆ.

ಕಳೆದ ವರ್ಷ ಚಿಕ್ಕಮ್ಮನನ್ನು ನೋಡಿದ ಒಬ್ಬ ವೈದ್ಯೆ ಕೊನೆಯ ಸಾಲನ್ನು ಬೇರೆ ಥರ ಬರೆದರು. ಅದಕ್ಕೂ ಮುಂಚೆ ಅವರು ಕೇಳಿದ ಪ್ರಶ್ನೆಗಳೇ ಬೇರೆ ಇದ್ದವು. ಎಷ್ಟು ಹೊತ್ತು ಒಂದೇ ಸಮ ಕೂರ್ತೀರಿ, ಕುರ್ಚಿಗೆ ಬೆನ್ನು ಇದೆಯಾ ಅಥವಾ ಬರೀ ಸ್ಟೂಲಾ, ಮನೆಗೆ ಹೋದ ಮೇಲೆ ಅಡುಗೆ ಯಾರದು, ರಾತ್ರಿ ಎಷ್ಟು ಸಲ ಎಚ್ಚರವಾಗತ್ತೆ. ಮಾತ್ರೆ ಅದೇ ಇತ್ತು. ಉಸಿರಾಟದ ಒಂದು ಸರಳ ಅಭ್ಯಾಸವನ್ನು ಅಲ್ಲೇ ಮಾಡಿಸಿ ತೋರಿಸಿದರು, ಐದು ನಿಮಿಷದ್ದು. ಚೀಟಿಯ ಕೊನೆಯಲ್ಲಿ, ರೋಗಿಗೆ ಪ್ರತಿ ಗಂಟೆಗೆ ಐದು ನಿಮಿಷ ಎದ್ದು ಓಡಾಡಲು ಅವಕಾಶ ಕೊಡತಕ್ಕದ್ದು ಎಂದು ಬರೆದು, ಕಾರ್ಖಾನೆಗೆಂದು ಅದನ್ನೇ ಬೇರೊಂದು ಹಾಳೆಯಲ್ಲೂ ಬರೆದು ಮೊಹರು ಒತ್ತಿದರು. ‘ಕೊಳ್ಳಿ’ ಹೋಗಿ ‘ಕೊಡತಕ್ಕದ್ದು’ ಬಂದಿತ್ತು. ಅದನ್ನು ಓದಿ ನನಗೆ ಆದ ಖುಷಿ ಒಂದು ಒಳ್ಳೆಯ ಸಂಶೋಧನಾ ಲೇಖನ ಓದಿದಾಗ ಆಗುವಂಥದ್ದು.

ಕಾರ್ಖಾನೆಯವರು ಕಾಗದವನ್ನು ತಿರಸ್ಕರಿಸಲಿಲ್ಲ. ಗಂಟೆಗೊಮ್ಮೆ ಏಳುವವರಿಗೆ ಲೈನಿನಲ್ಲಿ ಜಾಗವಿಲ್ಲವೆಂದು ಅವಳನ್ನು ದಾರ ಕತ್ತರಿಸುವ ಕೆಲಸಕ್ಕೆ ಹಾಕಿದರು. ನಿಂತೂ ಮಾಡಬಹುದು, ಕೂತೂ ಮಾಡಬಹುದು. ಆದರೆ ಅದು ಹೆಲ್ಪರ್ ಕೆಲಸ, ಟೈಲರ್ ಸಂಬಳ ಸಿಗುವುದಿಲ್ಲ. ಎರಡು ತಿಂಗಳು ಮಾಡಿದಳು. ಕತ್ತಿನ ನೋವು ಇಳಿದಿತ್ತು ಎಂದು ಅವಳೇ ಹೇಳಿದಳು. ಮಗನ ಡಿಪ್ಲೊಮಾ ಫೀಸು ಕಟ್ಟುವ ತಿಂಗಳು ಬಂದಾಗ ಸೂಪರ್‌ವೈಸರ್ ಹತ್ತಿರ ತಾನೇ ಹೋಗಿ ಕೇಳಿ ಕಾಲರ್ ಮೆಷಿನ್ನಿಗೆ ವಾಪಸಾದಳು. ಕಾಗದ ಈಗ ಟ್ರಂಕಿನಲ್ಲಿದೆ. ಮಾತ್ರೆ ತಪ್ಪಿಸುವುದಿಲ್ಲ. ಉಸಿರಾಟದ್ದನ್ನು ಬೆಳಿಗ್ಗೆ ಬಸ್ಸಿನಲ್ಲಿ ಮಾಡುತ್ತಾಳಂತೆ, ಬಿಡದಿ ದಾಟುವಷ್ಟರಲ್ಲಿ ನಿದ್ದೆ ಬಂದುಬಿಡುತ್ತದಂತೆ.